ಯಾವುದರ ಮೇಲೆ ಯಾವುದು ನಿಂತಿದೆ?

ಯಲಬುರ್ಗಾ ತಾಲೂಕಿನ ರೈತನೊಬ್ಬ ಪಹಣಿಗೆಂದು ಬೆಳಿಗ್ಗೆ ಬಸ್ಸು ಹತ್ತಿ ತಾಲೂಕು ಕೇಂದ್ರಕ್ಕೆ ಬರುತ್ತಾನೆ. ಬೆಳೆಸಾಲಕ್ಕೆ ಬ್ಯಾಂಕಿನವರು ಪಹಣಿ ಕೇಳಿದ್ದಾರೆ. ಕಿಟಕಿಯ ಮುಂದೆ ಪಾಳಿ ಇದೆ, ಪಾಳಿ ಕದಲುತ್ತಿಲ್ಲ. ಒಳಗಿನಿಂದ ಕೇಳಿಸುವುದು ಒಂದೇ ಮಾತು: ‘ಸರ್ವರ್ ಡೌನ್’. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಎಲ್ಲಿ ಹೋದರೂ ಈ ಮಾತು ಕೇಳದವರಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವಾಗಲೂ ಇದೇ. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಕೇಳುವಾಗಲೂ ಇದೇ.

ಆದರೆ ಡೌನ್ ಆದದ್ದು ಯಾವುದು? ಕಿಟಕಿಯಾಚೆಯ ಕಂಪ್ಯೂಟರೇ? ಗೋಡೆಗೆ ಬಡಿದ ಪೆಟ್ಟಿಗೆಯೊಳಗಿನ ಸ್ವಿಚ್ಚೇ? ರಸ್ತೆ ಅಗಲ ಮಾಡುವಾಗ ಜೆಸಿಬಿ ಕಿತ್ತ ಕೇಬಲ್ಲೇ? ಜಿಲ್ಲಾ ಕೇಂದ್ರದ ರೂಟರೇ? ಬೆಂಗಳೂರಿನ ಡೇಟಾ ಸೆಂಟರಿನಲ್ಲಿರುವ ಯಂತ್ರವೇ? ಐದಕ್ಕೂ ಹೆಸರು ಒಂದೇ, ಸರ್ವರ್ ಡೌನ್. ರಿಪೇರಿ ಮಾತ್ರ ಐದಕ್ಕೂ ಬೇರೆ ಬೇರೆ. ಯಾವುದು ಕೆಟ್ಟಿದೆಯೆಂದು ಬೇಗ ಗೊತ್ತಾದರೆ ಮಧ್ಯಾಹ್ನದ ಬಸ್ಸಿನ ಹೊತ್ತಿಗೆ ಪಹಣಿ ಕೈಯಲ್ಲಿರುತ್ತದೆ. ಗೊತ್ತಾಗದಿದ್ದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು, ನಾಳೆ ಮತ್ತೆ ಬರಬೇಕು.

ಇದನ್ನು ತಿಳಿಯಲೆಂದೇ ಒಂದು ಬಗೆಯ ಸಾಫ್ಟ್‌ವೇರ್ ಇದೆ. ಡಿಸ್ಕವರಿ ಸಾಫ್ಟ್‌ವೇರ್ ಎನ್ನುತ್ತಾರೆ. ಜಾಲದಲ್ಲಿ ಏನೇನಿದೆಯೆಂದು ಅದು ತಾನೇ ಹುಡುಕುತ್ತದೆ. ಯಾವುದರ ಮೇಲೆ ಯಾವುದು ನಿಂತಿದೆಯೆಂದು ಬರೆದಿಡುತ್ತದೆ. ಹೀಗೆ ಬರೆದಿಡುವ ಕ್ರಮಕ್ಕೆ ಡೇಟಾ ಮಾಡೆಲ್ ಎಂದು ಹೆಸರು. ಇವತ್ತಿನ ಮಾತೆಲ್ಲ ಆ ಕ್ರಮದ ಬಗ್ಗೆ. ಹುಡುಕುವುದು ಅಷ್ಟು ಕಷ್ಟವಲ್ಲ. ಬರೆದಿಡುವ ಕ್ರಮ ಕೆಟ್ಟರೆ ಹುಡುಕಿದ್ದೆಲ್ಲ ದಂಡ.

ಈ ಕ್ರಮ ನಮ್ಮವರಿಗೆ ಹೊಸದಲ್ಲ. ಪಹಣಿಯೇ ಒಂದು ಡೇಟಾ ಮಾಡೆಲ್. ಕಣ್ಣ ಮುಂದೆ ಒಂದು ಪಹಣಿ ಇದೆಯೆಂದುಕೊಳ್ಳಿ. ಮೇಲ್ಗಡೆ ಊರು, ಹೋಬಳಿ, ತಾಲೂಕು. ಆಮೇಲೆ ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ, ಖರಾಬು. ಒಂಬತ್ತನೆಯ ಕಾಲಂನಲ್ಲಿ ಹೊಲದ ಯಜಮಾನರ ಹೆಸರು, ತಂದೆಯ ಹೆಸರು. ಹತ್ತರಲ್ಲಿ ಆ ಹಕ್ಕು ಹೇಗೆ ಬಂತು, ಯಾವ ಮ್ಯುಟೇಶನ್ ನಂಬರಿನಿಂದ ಬಂತು ಎಂಬ ವಿವರ. ಹನ್ನೊಂದರಲ್ಲಿ ಬ್ಯಾಂಕಿನ ಬೋಜಾ. ಹನ್ನೆರಡರಲ್ಲಿ ಸಾಗುವಳಿ, ಬೆಳೆ.

ಇದರಲ್ಲಿ ಮೂರು ಸಂಗತಿ ಬೇರೆ ಬೇರೆಯಾಗಿ ನಿಂತಿವೆ. ಹೊಲ ಬೇರೆ, ಮನುಷ್ಯ ಬೇರೆ, ಇವೆರಡರ ನಡುವಿನ ಸಂಬಂಧ ಬೇರೆ. ಒಂದು ಸರ್ವೆ ನಂಬರಿಗೆ ನಾಲ್ವರು ಅಣ್ಣತಮ್ಮಂದಿರು ಹಕ್ಕುದಾರರಿರಬಹುದು. ಅವರಲ್ಲೊಬ್ಬನಿಗೆ ಪಕ್ಕದೂರಲ್ಲಿ ಇನ್ನೊಂದು ಹೊಲ ಇರಬಹುದು. ಹೊಲ ಮಾರಿದರೆ ಹೊಲ ಬದಲಾಗುವುದಿಲ್ಲ, ಮನುಷ್ಯನೂ ಬದಲಾಗುವುದಿಲ್ಲ. ಬದಲಾಗುವುದು ನಡುವಿನ ಸಂಬಂಧ. ಇದನ್ನೇ 1976ರಲ್ಲಿ ಪೀಟರ್ ಚೆನ್ ಎಂಬ ವಿಜ್ಞಾನಿ ಕಂಪ್ಯೂಟರ್ ಪ್ರಪಂಚಕ್ಕೆ ಶಾಸ್ತ್ರವಾಗಿ ಬರೆದುಕೊಟ್ಟರು: ಮೊದಲು ವಸ್ತುಗಳನ್ನು ಗುರುತಿಸಿ, ಆಮೇಲೆ ಅವುಗಳ ಸಂಬಂಧಗಳನ್ನು ಗುರುತಿಸಿ. ಅದಕ್ಕೂ ಆರು ವರ್ಷ ಮೊದಲು, 1970ರಲ್ಲಿ, ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಮಾಹಿತಿಯನ್ನು ಕೋಷ್ಟಕಗಳಲ್ಲಿ ಹೊಂದಿಸುವ ಲೆಕ್ಕ ಹಾಕಿಕೊಟ್ಟಿದ್ದರು. ಇಂದಿನ ಬಹುಪಾಲು ಡೇಟಾಬೇಸುಗಳು ಅದೇ ಲೆಕ್ಕದ ಮೇಲೆ ನಡೆಯುತ್ತವೆ.

ಕರ್ನಾಟಕದಲ್ಲಿ ಈ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ್ದು ಭೂಮಿ ಯೋಜನೆ. ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರು. 2001ರ ಹೊತ್ತಿಗೆ ತಾಲೂಕು ಕೇಂದ್ರಗಳಲ್ಲಿ ಕಂಪ್ಯೂಟರ್ ಪಹಣಿ ಸಿಗತೊಡಗಿತು. ಒಂದು ಪ್ರತಿಗೆ ಆಗ 15 ರೂಪಾಯಿ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಹೊಣೆ ಹೊತ್ತಿದ್ದರು, ಸಾಫ್ಟ್‌ವೇರ್ ಬರೆದದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಿಂದ ಹೊಲದ ದಾಖಲೆ ಹೊರಬಂದದ್ದು ಸಣ್ಣ ಸಾಧನೆಯಲ್ಲ. ಹೊರಗಿನ ದೇಶಗಳವರೂ ಬಂದು ಅದನ್ನು ನೋಡಿ ಹೋದರು.

ಇಲ್ಲೊಂದು ಸೂಕ್ಷ್ಮವಿದೆ, ದಯವಿಟ್ಟು ಗಮನಿಸಿ. ಆಗ ಪ್ರತಿ ತಾಲೂಕಿನ ಪಹಣಿ ಆಯಾ ತಾಲೂಕಿನ ಕಂಪ್ಯೂಟರಿನಲ್ಲೇ ಇತ್ತು. ಯಲಬುರ್ಗಾದಲ್ಲಿ ಸರ್ವರ್ ಡೌನ್ ಎಂದರೆ ಪಕ್ಕದ ಕೋಣೆಯ ಯಂತ್ರ ಕೆಟ್ಟಿದೆ ಎಂದರ್ಥ. ಎದ್ದು ಹೋಗಿ ನೋಡಬಹುದಿತ್ತು. ಆಮೇಲೆ ಆ ಮಾಹಿತಿಯೆಲ್ಲ ಬೆಂಗಳೂರಿನ ರಾಜ್ಯ ಡೇಟಾ ಸೆಂಟರಿಗೆ ಹೋಯಿತು. ಕಚೇರಿಗಳನ್ನು ಕೆಸ್ವಾನ್ ಎಂಬ ಸರ್ಕಾರಿ ಜಾಲ ಜೋಡಿಸಿತು: ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ. ಇದರಿಂದ ಲಾಭವಾಯಿತು. ಯಾವ ಊರಿನ ಪಹಣಿಯನ್ನಾದರೂ ಎಲ್ಲಿಂದಲಾದರೂ ತೆಗೆಯಬಹುದು. ಆದರೆ ಕಿಟಕಿಗೂ ಕಡತಕ್ಕೂ ನಡುವೆ ಈಗ ನೂರಾರು ಕಿಲೋಮೀಟರ್ ಇದೆ, ಹತ್ತಾರು ಯಂತ್ರಗಳಿವೆ. ಕಣ್ಣಿಗೆ ಕಾಣುತ್ತಿದ್ದ ಸಂಬಂಧ ಕಾಣದಾಯಿತು. ಕಾಣದ್ದನ್ನು ಬರೆದಿಡಲೇಬೇಕು.

ಇಷ್ಟು ಹೊತ್ತು ಹೇಳಿದ್ದು ಎರಡು ಮಾತು. ವಸ್ತುವನ್ನೂ ಸಂಬಂಧವನ್ನೂ ಬೇರೆ ಬೇರೆ ಬರೆಯಬೇಕು ಎಂಬುದು ಒಂದು. ಯಂತ್ರಗಳು ದೂರವಾದಷ್ಟೂ ಆ ಬರಹದ ಅಗತ್ಯ ಹೆಚ್ಚು ಎಂಬುದು ಇನ್ನೊಂದು. ಈಗ ಡಿಸ್ಕವರಿ ಸಾಫ್ಟ್‌ವೇರ್ ಹೇಗೆ ಹುಡುಕುತ್ತದೆ, ಏನನ್ನು ಬರೆಯುತ್ತದೆ, ನೋಡೋಣ.

ಮೊದಲು ಅದಕ್ಕೆ ವಿಳಾಸಗಳ ಒಂದು ಸಾಲು ಕೊಡುತ್ತಾರೆ. ಜಾಲದಲ್ಲಿ ಪ್ರತಿ ಯಂತ್ರಕ್ಕೂ ಅಂಕಿಯ ವಿಳಾಸವಿದೆ, ಐಪಿ ಅಡ್ರೆಸ್. ಸಾಫ್ಟ್‌ವೇರ್ ಒಂದೊಂದೇ ವಿಳಾಸದ ಬಾಗಿಲು ತಟ್ಟುತ್ತದೆ. ಉತ್ತರ ಬಂದರೆ ನೀನು ಯಾರು ಎಂದು ಕೇಳುತ್ತದೆ. ಪ್ರಿಂಟರ್, ರೂಟರ್, ಸ್ವಿಚ್, ಯುಪಿಎಸ್ ಮುಂತಾದವು ಎಸ್‌ಎನ್‌ಎಂಪಿ ಎಂಬ ಕಟ್ಟುಪಾಡಿನಲ್ಲಿ ಉತ್ತರ ಕೊಡುತ್ತವೆ. 1988ರಲ್ಲಿ ಬಂದ ಕಟ್ಟುಪಾಡು ಅದು, ಇಂದಿಗೂ ನಡೆಯುತ್ತಿದೆ. ಕಂಪ್ಯೂಟರ್ ಆದರೆ ಕೊಟ್ಟ ಪಾಸ್‌ವರ್ಡ್ ಬಳಸಿ ಒಳಹೋಗಿ ಕೆಲವು ಆಜ್ಞೆಗಳನ್ನು ಓಡಿಸುತ್ತದೆ.

ಒಂದು ಯಂತ್ರವನ್ನು ಹತ್ತಿರದಿಂದ ನೋಡೋಣ. ಅದು ಲಿನಕ್ಸ್ ಯಂತ್ರ ಎಂದಿಟ್ಟುಕೊಳ್ಳಿ. ಒಳಹೊಕ್ಕ ಸಾಫ್ಟ್‌ವೇರ್ ಮೊದಲು ಯಂತ್ರದ ಹೆಸರು, ತಯಾರಕರು, ಸೀರಿಯಲ್ ನಂಬರ್, ಮೆಮೊರಿ ಎಷ್ಟು ಎಂದು ಓದಿಕೊಳ್ಳುತ್ತದೆ. ಆಮೇಲೆ, ಈಗ ಯಾವ ಯಾವ ಪ್ರೋಗ್ರಾಂ ಓಡುತ್ತಿವೆ ಎಂದು ಕೇಳುತ್ತದೆ. ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ಒಂದು ಸಾಲು ಜಾವಾ ಎಂದಿದೆ. ಬರೀ ಜಾವಾ ಎಂದರೆ ಏನೂ ತಿಳಿಯದು. ಆ ಸಾಲಿನ ತುದಿಯಲ್ಲಿ ಟಾಮ್‌ಕ್ಯಾಟ್ ಎಂಬ ಫೋಲ್ಡರಿನ ಹೆಸರಿದೆ. ಹಾಗಾದರೆ ಇದು ಟಾಮ್‌ಕ್ಯಾಟ್ ಎಂಬ ವೆಬ್ ಸರ್ವರ್. ಕೊನೆಗೆ, ಈ ಯಂತ್ರ ಈಗ ಯಾರ ಜೊತೆ ಮಾತಾಡುತ್ತಿದೆ ಎಂದು ಕೇಳುತ್ತದೆ. ಇನ್ನೊಂದು ವಿಳಾಸದ 5432ನೆಯ ಪೋರ್ಟಿಗೆ ಸಂಪರ್ಕ ತೆರೆದಿದೆ ಎಂದು ಉತ್ತರ ಬರುತ್ತದೆ. ವಾಡಿಕೆಯಲ್ಲಿ ಅದು ಪೋಸ್ಟ್‌ಗ್ರೆಸ್ ಡೇಟಾಬೇಸಿನ ಪೋರ್ಟು. ಅಲ್ಲಿಗೆ ಒಂದು ಸಂಬಂಧ ಸಿಕ್ಕಿತು. ಈ ವೆಬ್ ಸರ್ವರ್ ಆ ಡೇಟಾಬೇಸಿನ ಮೇಲೆ ನಿಂತಿದೆ. ಡೇಟಾಬೇಸ್ ಬಿದ್ದರೆ ಇದೂ ಬೀಳುತ್ತದೆ.

ಮಾಡೆಲ್‌ನಲ್ಲಿ ಈಗ ಏನೇನು ಸೇರಿತು? ಯಂತ್ರ ಒಂದು ವಸ್ತು. ಅದರ ಮೇಲೆ ಓಡುವ ಟಾಮ್‌ಕ್ಯಾಟ್ ಇನ್ನೊಂದು ವಸ್ತು. ನಡುವೆ ‘ಇದರ ಮೇಲೆ ಓಡುತ್ತಿದೆ’ ಎಂಬ ಸಂಬಂಧ. ಡೇಟಾಬೇಸ್ ಮೂರನೆಯದು. ಅದರೊಂದಿಗೆ ‘ಇದನ್ನು ನಂಬಿದೆ’ ಎಂಬ ಸಂಬಂಧ. ಎಲ್ಲಕ್ಕೂ ಮೇಲೆ ಜನರಿಗೆ ಗೊತ್ತಿರುವ ಸೇವೆ. ಪಹಣಿ ಕೊಡುವುದು, ಪ್ರಮಾಣಪತ್ರ ಕೊಡುವುದು, ಅದೂ ಮಾಡೆಲ್‌ನಲ್ಲಿ ಒಂದು ವಸ್ತುವೇ. ಕೆಳಗಿನ ಒಂದು ಕೊಂಡಿ ಕಡಿದರೆ ಮೇಲಿನ ಯಾವ ಸೇವೆ ನಿಲ್ಲುತ್ತದೆಂದು ಗೆರೆ ಹಿಡಿದು ಹೇಳಬಹುದು.

ಇಂಥ ಸಾಫ್ಟ್‌ವೇರುಗಳಲ್ಲಿ ಒಂದನ್ನು ಲಂಡನ್ನಿನ ಟೈಡ್‌ವೇ ಎಂಬ ಕಂಪನಿ ಕಟ್ಟಿತು. 2009ರಲ್ಲಿ ಅದನ್ನು ಅಮೆರಿಕದ ಬಿಎಂಸಿ ಕೊಂಡುಕೊಂಡಿತು. ಮುಂದೆ ಅದಕ್ಕೆ ಬಿಎಂಸಿ ಡಿಸ್ಕವರಿ ಎಂದು ಹೆಸರಾಯಿತು. ಅದರ ಮಾಡೆಲ್‌ನಲ್ಲಿ ಮೆಚ್ಚಬೇಕಾದ ಒಂದು ಗುಣವಿದೆ. ಯಂತ್ರದಿಂದ ನೇರವಾಗಿ ಬಂದ ಉತ್ತರವನ್ನು ಅದು ಒಂದು ಕಡೆ ಇಡುತ್ತದೆ. ಆ ಉತ್ತರದಿಂದ ತಾನು ಊಹಿಸಿದ್ದನ್ನು ಇನ್ನೊಂದು ಕಡೆ ಇಡುತ್ತದೆ. ಎರಡರ ನಡುವೆ ಒಂದು ಕೊಂಡಿ ಹಾಕುತ್ತದೆ. ಇಲ್ಲಿ ಟಾಮ್‌ಕ್ಯಾಟ್ ಇದೆ ಎಂದು ಬರೆದಿದ್ದೀಯಲ್ಲ, ಯಾವ ಆಧಾರದ ಮೇಲೆ ಎಂದು ಕೇಳಿದರೆ ಇಂಥ ದಿನ, ಇಂಥ ಯಂತ್ರ, ಇಂಥ ಸಾಲು ಎಂದು ತೋರಿಸುತ್ತದೆ.

ಪಹಣಿಯ ಹತ್ತನೆಯ ಕಾಲಂ ಮಾಡುವ ಕೆಲಸ ಇದೇ. ಹೆಸರು ಬಂದರೆ ಸಾಲದು, ಹೆಸರು ಹೇಗೆ ಬಂತೆಂಬುದೂ ಬೇಕು. ಕ್ರಯವೋ, ವಾರಸುದಾರಿಕೆಯೋ, ಪಾಲುಪಟ್ಟಿಯೋ? ಮ್ಯುಟೇಶನ್ ನಂಬರ್ ಇಲ್ಲದ ಹೆಸರನ್ನು ಯಾವ ಬ್ಯಾಂಕೂ ಸುಲಭವಾಗಿ ನಂಬುವುದಿಲ್ಲ. ಕಚೇರಿಗಳಲ್ಲಿ ಕಂಪ್ಯೂಟರುಗಳ ಲೆಕ್ಕವನ್ನು ಎಕ್ಸೆಲ್ ಹಾಳೆಯಲ್ಲಿ ಬರೆದಿಡುವವರು ಇಲ್ಲೇ ಎಡವುತ್ತಾರೆ. ಹಾಳೆಯಲ್ಲಿ ಯಂತ್ರದ ಹೆಸರಿರುತ್ತದೆ, ಯಾರು ನೋಡಿ ಬರೆದರು, ಯಾವಾಗ ಬರೆದರು ಎಂಬುದಿರುವುದಿಲ್ಲ. ಮೂರು ವರ್ಷ ಕಳೆದ ಮೇಲೆ ಆ ಹಾಳೆಯ ಯಾವ ಸಾಲನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ಬರೆದವರಿಗೂ ತಿಳಿಯುವುದಿಲ್ಲ.

ಇಲ್ಲಿಯವರೆಗೆ ಬಂದದ್ದು ವಸ್ತು, ಸಂಬಂಧ, ಆಧಾರ. ಇನ್ನು ಎಲ್ಲಕ್ಕಿಂತ ತೊಡಕಿನ ವಿಷಯ: ಗುರುತು.

ನಮ್ಮ ಕಡೆ ಒಂದೇ ಊರಲ್ಲಿ ಹನುಮಪ್ಪ ಎಂಬವರು ಆರು ಮಂದಿ ಇರುತ್ತಾರೆ, ಶರಣಪ್ಪ ಎಂಬವರು ಎಂಟು ಮಂದಿ. ತಂದೆಯ ಹೆಸರು ಸೇರಿಸಿದರೆ ಒಂದಿಷ್ಟು ತಿಳಿಯಾಗುತ್ತದೆ, ಪೂರ್ತಿ ಅಲ್ಲ. ಅದಕ್ಕೇ ರೈತರ ನೋಂದಣಿಯ ಫ್ರೂಟ್ಸ್ ಎಂಬ ತಂತ್ರಾಂಶದಲ್ಲಿ ಪ್ರತಿ ರೈತನಿಗೂ ಒಂದು ಎಫ್‌ಐಡಿ ನಂಬರ್ ಕೊಟ್ಟರು. ಅವನ ಆಧಾರ್, ಅವನ ಎಲ್ಲ ಸರ್ವೆ ನಂಬರುಗಳು ಆ ಒಂದು ನಂಬರಿಗೆ ಜೋಡಣೆಯಾದವು. ಬೆಂಬಲ ಬೆಲೆಗೆ ಭತ್ತ, ಜೋಳ ಹಾಕುವಾಗ, ಬೆಳೆ ಪರಿಹಾರ ಬರುವಾಗ ಎಫ್‌ಐಡಿ ಕೇಳುವುದು ಅದಕ್ಕೇ.

ಕಂಪ್ಯೂಟರುಗಳ ಗುರುತು ಇದಕ್ಕಿಂತ ಕಷ್ಟ. ಐಪಿ ವಿಳಾಸ ಖಾಯಂ ಅಲ್ಲ. ಇವತ್ತು ಒಂದು ಯಂತ್ರಕ್ಕಿದ್ದ ವಿಳಾಸ ನಾಳೆ ಇನ್ನೊಂದಕ್ಕೆ ಹೋಗಬಹುದು. ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು. ನೆಟ್‌ವರ್ಕ್ ಕಾರ್ಡಿಗೆ ಮ್ಯಾಕ್ ನಂಬರ್ ಇದೆ, ಆದರೆ ಸಿಡಿಲಿಗೆ ಕಾರ್ಡು ಸುಟ್ಟರೆ ಹೊಸ ಕಾರ್ಡಿಗೆ ಹೊಸ ನಂಬರ್. ಸೀರಿಯಲ್ ನಂಬರ್ ಗಟ್ಟಿ ಎನ್ನೋಣವೆಂದರೆ, ಬಿಡಿಭಾಗ ಸೇರಿಸಿ ಜೋಡಿಸಿದ ಎಷ್ಟೋ ಕಂಪ್ಯೂಟರುಗಳಲ್ಲಿ ಆ ಜಾಗ ಖಾಲಿ ಇರುತ್ತದೆ. ಇನ್ನು ವರ್ಚುವಲ್ ಯಂತ್ರಗಳ ಮಾತು ಬೇರೆ. ಒಂದೇ ಕಬ್ಬಿಣದ ಪೆಟ್ಟಿಗೆಯೊಳಗೆ ಇಪ್ಪತ್ತು, ಮೂವತ್ತು ಯಂತ್ರಗಳು ಸಾಫ್ಟ್‌ವೇರಿನ ರೂಪದಲ್ಲಿ ಬದುಕಿರುತ್ತವೆ. ಒಂದನ್ನು ನಕಲು ಮಾಡಿದರೆ ಅದರ ಗುರುತುಗಳೂ ನಕಲಾಗಿಬಿಡುವುದುಂಟು.

ಹಾಗಾಗಿ ಒಳ್ಳೆಯ ಮಾಡೆಲ್ ಒಂದೇ ಗುರುತನ್ನು ನೆಚ್ಚಿ ಕೂರುವುದಿಲ್ಲ. ನಾಲ್ಕೈದು ಗುರುತುಗಳನ್ನು ಕೂಡಿಸಿ ತೂಗುತ್ತದೆ. ಸೀರಿಯಲ್ ನಂಬರ್ ಹೊಂದಿ, ಹೆಸರೂ ಹೊಂದಿ, ವಿಳಾಸ ಮಾತ್ರ ಬೇರೆಯಾದರೆ ಅದು ಹಳೆಯ ಯಂತ್ರವೇ. ವಿಳಾಸ ಒಂದೇ ಇದ್ದು ಉಳಿದದ್ದೆಲ್ಲ ಬೇರೆಯಾದರೆ ಅದು ಹೊಸ ಯಂತ್ರ. ಇಲ್ಲಿ ತಪ್ಪಿದರೆ ಎರಡು ಬಗೆಯ ಅನಾಹುತ. ಒಂದೇ ಯಂತ್ರ ಎರಡು ಸಲ ಲೆಕ್ಕಕ್ಕೆ ಬಂದು ಕಚೇರಿ ಇಲ್ಲದ್ದಕ್ಕೆ ಲೈಸೆನ್ಸ್ ಹಣ ಕಟ್ಟುತ್ತದೆ. ಅಥವಾ ಎರಡು ಯಂತ್ರಗಳು ಒಂದಾಗಿ, ಒಂದಕ್ಕೆ ಭದ್ರತೆಯ ಅಪ್‌ಡೇಟ್ ಬರುವುದೇ ಇಲ್ಲ. ಎರಡನೆಯದು ಹೆಚ್ಚು ಅಪಾಯ.

ಗುರುತಿನ ಮಾತಿಗೆ ನಮ್ಮ ಜಿಲ್ಲೆಯ ಚರಿತ್ರೆಯೇ ಒಂದು ಪಾಠ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ಆಗ ತಾಲೂಕುಗಳು ನಾಲ್ಕು. ಮುಂದೆ ಇಪ್ಪತ್ತು ವರ್ಷಕ್ಕೆ ಗಂಗಾವತಿಯಿಂದ ಕಾರಟಗಿ, ಕನಕಗಿರಿ ಒಡೆದವು, ಯಲಬುರ್ಗಾದಿಂದ ಕುಕನೂರು ಒಡೆಯಿತು. ಈಗ ತಾಲೂಕು ಏಳು. ಒಂದು ಕಂಪ್ಯೂಟರಿಗೆ ‘ಯಲಬುರ್ಗಾ-3’ ಎಂದು ಹೆಸರಿಟ್ಟು, ಅದು ಕುಕನೂರಿನ ಕಚೇರಿಯಲ್ಲಿ ಕೂತಿದ್ದರೆ? ತಾಲೂಕು ಒಡೆದ ದಿನ ಆ ಹೆಸರು ಸುಳ್ಳಾಯಿತು. ಊರನ್ನು ಹೆಸರಿನೊಳಗೆ ತುರುಕಿದ್ದರ ಫಲ ಅದು. ಸ್ಥಳವನ್ನೇ ಒಂದು ವಸ್ತುವಾಗಿ ಬರೆದು, ಯಂತ್ರಕ್ಕೂ ಸ್ಥಳಕ್ಕೂ ಸಂಬಂಧದ ಗೆರೆ ಎಳೆದಿದ್ದರೆ ತಾಲೂಕು ಒಡೆದಾಗ ಒಂದು ಗೆರೆ ಬದಲಿಸಿದರೆ ಸಾಕಿತ್ತು. ಯಂತ್ರದ ಹಿಂದಿನ ದಾಖಲೆ, ರಿಪೇರಿಯ ಲೆಕ್ಕ, ಏನೂ ಕೆಡುತ್ತಿರಲಿಲ್ಲ.

ವಸ್ತು, ಸಂಬಂಧ, ಆಧಾರ, ಗುರುತು. ಇನ್ನೊಂದೇ ಸಂಗತಿ ಉಳಿದಿದೆ: ಕಾಲ.

ರಾಜ್ಯದಲ್ಲಿ ಪಹಣಿಗೆ ಆಧಾರ್ ಜೋಡಿಸಲು 2024ರಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಊರೂರು ತಿರುಗಿದಾಗ ಲಕ್ಷಾಂತರ ಪಹಣಿಗಳಲ್ಲಿ ತೀರಿಹೋದವರ ಹೆಸರೇ ಉಳಿದಿದ್ದು ಬೆಳಕಿಗೆ ಬಂತು. ಅದಕ್ಕಾಗಿ ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಯ ಅಭಿಯಾನವನ್ನೇ ಮಾಡಬೇಕಾಯಿತು. ಯಂತ್ರಗಳ ದಾಖಲೆಗೂ ಇದೇ ಗತಿ. ಗುಜರಿಗೆ ಹೋದ ಸರ್ವರ್ ಪಟ್ಟಿಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಡಿಸ್ಕವರಿ ಸಾಫ್ಟ್‌ವೇರ್ ಪ್ರತಿ ವಸ್ತುವಿನ ಪಕ್ಕದಲ್ಲೂ ಕೊನೆಯ ಸಲ ಕಂಡ ದಿನವನ್ನು ಬರೆಯುತ್ತದೆ. ಹಲವು ಸಲ ಬಾಗಿಲು ತಟ್ಟಿಯೂ ಉತ್ತರ ಬಾರದಿದ್ದರೆ ದಾಖಲೆಯನ್ನು ಬದಿಗಿಡುತ್ತದೆ. ಒಂದೇ ಸಲಕ್ಕೆ ಅಳಿಸುವುದಿಲ್ಲ. ಆ ದಿನ ಕುಷ್ಟಗಿಯಲ್ಲಿ ಕರೆಂಟ್ ಇರಲಿಲ್ಲ ಎಂಬಷ್ಟೇ ಕಾರಣವೂ ಇರಬಹುದಲ್ಲ?

ಇಷ್ಟೆಲ್ಲ ಶಿಸ್ತು ಯಾಕೆ ಬೇಕು ಎಂಬುದಕ್ಕೆ ಜಗತ್ತು ಕಂಡ ಒಂದು ಉದಾಹರಣೆ ಇದೆ. 2021ರ ಡಿಸೆಂಬರ್. ಲಾಗ್‌ಫೋರ್‌ಜೆ ಎಂಬ ಸಣ್ಣ ಜಾವಾ ಸಾಫ್ಟ್‌ವೇರಿನಲ್ಲಿ ಒಂದು ದೋಷ ಬಯಲಾಯಿತು. ಅಪಾಯದ ಅಳತೆಯಲ್ಲಿ ಅದಕ್ಕೆ 10ಕ್ಕೆ 10 ಅಂಕ. ಹೊರಗಿನವರು ಒಂದು ಸಾಲು ಕಳಿಸಿ ಇಡೀ ಸರ್ವರನ್ನೇ ಹಿಡಿತಕ್ಕೆ ತೆಗೆದುಕೊಳ್ಳಬಹುದಿತ್ತು. ಸರಿಪಡಿಸಿದ ಆವೃತ್ತಿ ಬಹುಬೇಗ ಬಂತು. ಕಷ್ಟ ಅದಲ್ಲ. ಲಾಗ್‌ಫೋರ್‌ಜೆ ನಮ್ಮಲ್ಲಿ ಎಲ್ಲೆಲ್ಲಿದೆ ಎಂದೇ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಅದು ತಾನಾಗಿ ನಿಂತ ಪ್ರೋಗ್ರಾಂ ಅಲ್ಲ. ಬೇರೆ ಸಾಫ್ಟ್‌ವೇರಿನ ಹೊಟ್ಟೆಯೊಳಗೆ, ಒಂದು ಫೈಲಿನೊಳಗಿನ ಇನ್ನೊಂದು ಫೈಲಿನಲ್ಲಿ ಅಡಗಿರುತ್ತಿತ್ತು. ಯಂತ್ರಗಳ ಪಟ್ಟಿ ಇದ್ದವರಿಗೂ ಅದು ಕಾಣಲಿಲ್ಲ. ಯಾವುದರೊಳಗೆ ಯಾವುದಿದೆ ಎಂಬ ಸಂಬಂಧವನ್ನು ಬರೆದಿಟ್ಟವರು ಬೇಗ ಉತ್ತರ ಹೇಳಿದರು. ಉಳಿದವರು ವಾರಗಟ್ಟಲೆ ಹುಡುಕಿದರು.

ನಮ್ಮ ರಾಜ್ಯದ್ದೇ ಇನ್ನೊಂದು ಪ್ರಸಂಗ. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೇಲೆ ಸುಳ್ಳು ಕೋರಿಕೆಗಳ ಮಹಾಪೂರ ಹರಿಸಿ ದಾಳಿ ಮಾಡಿದರು. ಆಸ್ತಿ ನೋಂದಣಿ ಕುಂಟಿತು. ಯಂತ್ರ ಕೆಟ್ಟಿರಲಿಲ್ಲ, ಕೇಬಲ್ ಕಡಿದಿರಲಿಲ್ಲ. ಹೊರಗೆ ಪಾಳಿಯಲ್ಲಿ ನಿಂತವರಿಗೆ ಕಂಡದ್ದು ಮಾತ್ರ ಎಂದಿನ ಸರ್ವರ್ ಸಮಸ್ಯೆಯೇ. ಕಾವೇರಿಯಲ್ಲಿ ನೋಂದಣಿಯಾದರೆ ಭೂಮಿ ತಂತ್ರಾಂಶದಲ್ಲಿ ಮ್ಯುಟೇಶನ್ ಶುರುವಾಗುವ ಏರ್ಪಾಡಿದೆ. ಅಂದರೆ ಒಂದು ನಿಂತರೆ ಇನ್ನೊಂದರ ಕೆಲಸವೂ ತಡವಾಗುತ್ತದೆ. ಎರಡು ಇಲಾಖೆಗಳ ನಡುವಿನ ಆ ಗೆರೆಯೂ ಮಾಡೆಲ್‌ನಲ್ಲಿ ಇರಬೇಕಾದದ್ದೇ.

ಎಚ್ಚರಿಕೆಯ ಒಂದು ಮಾತು. ಯಾವುದರ ಮೇಲೆ ಯಾವುದು ನಿಂತಿದೆ ಎಂಬ ನಕ್ಷೆ ರಿಪೇರಿ ಮಾಡುವವರಿಗೆ ಎಷ್ಟು ಉಪಯೋಗವೋ ಕೆಡವಲು ಬಂದವರಿಗೂ ಅಷ್ಟೇ ಉಪಯೋಗ. ಅದನ್ನು ಬೀಗದೊಳಗೆ ಇಡಬೇಕು. ಹುಡುಕುವ ಸಾಫ್ಟ್‌ವೇರಿಗೆ ಓದುವ ಅಧಿಕಾರ ಮಾತ್ರ ಇರಬೇಕು, ಬದಲಿಸುವ ಅಧಿಕಾರ ಬೇಡ.

ಕೊನೆಗೆ, ತಳಕಲ್‌ನಲ್ಲಿ, ಗಂಗಾವತಿಯಲ್ಲಿ, ಕೊಪ್ಪಳದಲ್ಲಿ ಎಂಜಿನಿಯರಿಂಗ್, ಡಿಪ್ಲೊಮಾ ಓದುತ್ತಿರುವ ಹುಡುಗ ಹುಡುಗಿಯರಲ್ಲಿ ಒಂದು ವಿನಂತಿ. ಇದನ್ನು ಕಲಿಯಲು ಬೆಂಗಳೂರಿಗೆ ಹೋಗಬೇಕಿಲ್ಲ, ದುಡ್ಡು ಕೊಡಬೇಕಿಲ್ಲ. ಎನ್‌ಮ್ಯಾಪ್, ನೆಟ್‌ಬಾಕ್ಸ್, ಜಿಎಲ್‌ಪಿಐ ಮೂರೂ ಉಚಿತವಾಗಿ ಸಿಗುತ್ತವೆ. ಎನ್‌ಮ್ಯಾಪ್ ಜಾಲದಲ್ಲಿ ಏನಿದೆ ಎಂದು ಹುಡುಕುತ್ತದೆ. ಉಳಿದೆರಡು ಹುಡುಕಿದ್ದನ್ನು ಸಂಬಂಧಸಮೇತ ಬರೆದಿಡುತ್ತವೆ. ನಿಮ್ಮ ಕಾಲೇಜಿನ ಲ್ಯಾಬನ್ನೇ ತೆಗೆದುಕೊಳ್ಳಿ. ಪ್ರಿನ್ಸಿಪಾಲರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಅನುಮತಿಯಿಲ್ಲದೆ ಇನ್ನೊಬ್ಬರ ಯಂತ್ರದೊಳಗೆ ಹೋಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ತಪ್ಪು. ಒಪ್ಪಿಗೆ ಸಿಕ್ಕ ಮೇಲೆ ಲ್ಯಾಬಿನ ಪ್ರತಿ ಯಂತ್ರ, ಪ್ರತಿ ಸ್ವಿಚ್, ಪ್ರತಿ ಯುಪಿಎಸ್ ಬರೆಯಿರಿ. ಯಾವುದು ಯಾವುದಕ್ಕೆ ಸೇರಿದೆ, ಯಾರು ನೋಡಿದರು, ಯಾವ ದಿನ ನೋಡಿದರು, ಅದನ್ನೂ ಬರೆಯಿರಿ. ಆ ಕೆಲಸ ಮಾಡಿದವರು ನಾಳೆ ನಮ್ಮ ತಾಲೂಕು ಕಚೇರಿಗಳಿಗೆ ಬೇಕು.